ಕಾರಿಲ್ಲದ ದಾರಿಯಲ್ಲಿ ಡ್ರೈವಿಂಗ್ ಮಿಸ್

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಹಿಂದೆ, ತೊರೆಯ ಪಕ್ಕದ ದಾರಿಯಲ್ಲಿ ನಡೆಯುತ್ತಿದ್ದೆ. ಹಿಂದಿನ ದಿನ ಯಾರೋ ಕಳೆ ಕತ್ತರಿಸಿ ಹೋಗಿದ್ದರು. ಕಾಡು ಸೋಂಪಿನ ಗಿಡಗಳು ದಾರಿಯುದ್ದಕ್ಕೂ ಬಿದ್ದಿದ್ದವು. ಹೋಟೆಲಿನಲ್ಲಿ ಬಿಲ್ಲಿನ ಜೊತೆ ತಂದಿಡುವ ಸೋಂಪಿನ ಬಟ್ಟಲಿಗೆ ಮುಖವಿಟ್ಟ ಹಾಗಿತ್ತು ಆ ವಾಸನೆ. ನಾನು ಅಲ್ಲೇ ನಿಂತುಬಿಟ್ಟೆ. ‘ಸೋಂಪು ಬಂತು, ಇನ್ನೇನು ಸೇತುವೆ ಬತ್ತದೆ’ ಎಂದು ಹಿಂದಿನಿಂದ ಒಂದು ದನಿ ಹೇಳಬೇಕಿತ್ತು…

ಅವರನ್ನು ನಾವೆಲ್ಲ ಡ್ರೈವಿಂಗ್ ಮಿಸ್ ಎನ್ನುತ್ತಿದ್ದೆವು. ಮಂಡ್ಯ ಕಡೆಯವರು. ಈ ಪರದೇಶಕ್ಕೆ ಬಂದು ಮೂವತ್ತು ವರ್ಷ ಕಳೆದಿದ್ದರೂ ಮಾತಿನಲ್ಲಿ ಮಂಡ್ಯ ಒಂದಿಷ್ಟೂ ಸವೆದಿರಲಿಲ್ಲ. ಗಂಡನ ಕೆಲಸದ ಹಿಂದೆ ಬಂದು, ಕಾರಿಲ್ಲದೆ ಹಾಲು ತರಲೂ ಆಗದೆ ಮನೆಯಲ್ಲಿ ಕೂತಿದ್ದ ನಮ್ಮಂಥವರಿಗೆ ಅವರು ಕನ್ನಡದಲ್ಲಿ ಡ್ರೈವಿಂಗ್ ಕಲಿಸುತ್ತಿದ್ದರು. ಅವರ ಪುಟ್ಟ ಬಿಳಿ ಕಾರಿನಲ್ಲಿ ಪಕ್ಕದ ಸೀಟಿಗೂ ಒಂದು ಬ್ರೇಕು ಇತ್ತು. ಅವರ ಬಲಗಾಲು ಸದಾ ಅದರ ಮೇಲೆ.

ಹದಿಮೂರು ವರ್ಷದ ಹಿಂದೆ, ಎರಡು ವರ್ಷದ ಮಗಳನ್ನು ಕಟ್ಟಿಕೊಂಡು ಸಾಂಟಾ ಕ್ಲಾರಾಕ್ಕೆ ಬಂದ ನನಗೆ ಫ್ರೀವೇ ಎಂದರೆ ಕೈ ಬೆವರುತ್ತಿತ್ತು. ಮೈಸೂರಿನಲ್ಲಿ ಸ್ಕೂಟಿ ಓಡಿಸಿದ ಧೈರ್ಯ ಇಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ. ಮೊದಲ ಸಲ ಫ್ರೀವೇಗೆ ಸೇರುವ ಏರುದಾರಿಯಲ್ಲಿ ಮಿಸ್ ಇದ್ದಕ್ಕಿದ್ದಂತೆ, ಇವತ್ತು ಏನು ಸಾರು ಮಾಡಿದ್ದೀಯ ಎಂದು ಕೇಳಿದರು. ಹುರುಳಿಕಾಳಿನದು ಎಂದೆ. ಹೆಂಗೆ ಮಾಡ್ದೆ, ಹೇಳು ಎಂದರು. ನಾನು ಕಾಳು ನೆನೆಸಿದ್ದರಿಂದ ಶುರುಮಾಡಿ ಒಗ್ಗರಣೆಗೆ ಬರುವಷ್ಟರಲ್ಲಿ ಕಾರು ಎರಡನೇ ಲೇನಿನಲ್ಲಿ ಓಡುತ್ತಿತ್ತು. ಅವರು ಬೆಳ್ಳುಳ್ಳಿ ಜಾಸ್ತಿ ಹಾಕಬೇಕಿತ್ತು ಎಂದರು.

ಮೂರನೇ ಟೆಸ್ಟಿನಲ್ಲಿ ಪಾಸಾದೆ. ಡೇಕೇರು, ಗ್ರೋಸರಿ, ಆಮೇಲೆ ಸ್ಯಾನ್ ಮಟಿಯೋದಲ್ಲಿ ನನ್ನದೇ ಒಂದು ಕೆಲಸ, ಎಲ್ಲಕ್ಕೂ ನಾನೇ ಕಾರು ಓಡಿಸಿಕೊಂಡು ಹೋದೆ. ಹಬ್ಬಕ್ಕೆ ಮಿಸ್ ಮನೆಗೆ ಹೋಗಿ ಬರುವುದು ಮಾತ್ರ ತಪ್ಪಲಿಲ್ಲ.

ಏಳು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವರ ಫೋನು ಬಂತು. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗ್ತೀಯಾ ಎಂದು ಕೇಳಿದರು. ಪರೀಕ್ಷೆ ಮುಗಿಸಿದ ಡಾಕ್ಟರು ಇನ್ನು ಕಾರು ಓಡಿಸಬಾರದು ಎಂದರು. ನೋಟದ ನಡುಭಾಗ ನಿಧಾನವಾಗಿ ಅಳಿಸಿಹೋಗುವ ಕಾಯಿಲೆ. ಎದುರಿಗೆ ನಿಂತವರ ಮುಖ ಕಾಣುವುದಿಲ್ಲ, ಅಕ್ಕಪಕ್ಕದ್ದು ಕಾಣುತ್ತದೆ.

ಹಿಂತಿರುಗುವಾಗ ನನ್ನ ಕಾರನ್ನು ನಾನೇ ಓಡಿಸುತ್ತಿದ್ದೆ. ಎಲ್ ಕಮೀನೋ ರಸ್ತೆಯ ಸಿಗ್ನಲ್ಲುಗಳಲ್ಲಿ ನಿಲ್ಲಿಸುವಾಗೆಲ್ಲ ಪಕ್ಕದಲ್ಲಿ ಏನೋ ಸದ್ದು. ನೋಡಿದರೆ, ಇಲ್ಲದ ಬ್ರೇಕನ್ನು ಅವರ ಬಲಗಾಲು ಒತ್ತುತ್ತಿತ್ತು. ನಾನು ನೋಡಿದ್ದು ಅವರಿಗೆ ಗೊತ್ತಾಯಿತು. ಮೊದಲು ಅವರು ನಕ್ಕರು, ಆಮೇಲೆ ನಾನು. ಮನೆ ತಲುಪುವವರೆಗೂ ಇಬ್ಬರೂ ಕಣ್ಣೊರೆಸಿಕೊಂಡು ನಕ್ಕೆವು.

ಅವತ್ತು ಕಾಫಿ ಕುಡಿಯುತ್ತ ತಮ್ಮ ಆಸೆ ಹೇಳಿದರು. ಫ್ರಾನ್ಸಿನ ದಕ್ಷಿಣದಲ್ಲಿ ಒಂದು ಹಳೆಯ ನಾಲೆ ಇದೆಯಂತೆ. ಅದರ ಏರಿಯ ಮೇಲೆ ದಿನಗಟ್ಟಲೆ ಸೈಕಲ್ ತುಳಿಯಬಹುದಂತೆ, ಕಾರುಗಳಿಗೆ ಅಲ್ಲಿ ಪ್ರವೇಶವೇ ಇಲ್ಲವಂತೆ. ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ಲಿನಲ್ಲಿ ನಾಲೆ ಏರಿಯ ಮೇಲೇ ಹೈಸ್ಕೂಲಿಗೆ ಹೋಗುತ್ತಿದ್ದವರು ಅವರು.

“ಇಪ್ಪತ್ತೆರಡು ವರ್ಸ ಕಾರ್‌ಗಳ ಮಧ್ಯಾನೇ ಕುಂತಿವ್ನಿ ಕಣವ್ವ. ಕಣ್ಣು ಪೂರ್ತಿ ಓಗೋಕ್ ಮುಂಚೆ ಒಂದ್ ವಾರ ಕಾರೇ ಇಲ್ದಿರೋ ದಾರೀಲಿ ಓಗ್ಬೇಕು. ನೀನ್ ಬತ್ತೀಯಾ?”

ಪ್ಲೆಸೆಂಟನ್‌ನಲ್ಲಿದ್ದ ಅವರ ಮಗಳು ಮೊದಲು ಖಂಡಿತ ಬೇಡ ಎಂದಳು. ತಂದೆಯನ್ನು ಕಳೆದುಕೊಂಡು ಆಗಲೇ ಕೆಲವು ವರ್ಷವಾಗಿತ್ತು, ಅವಳ ಭಯ ತಪ್ಪಲ್ಲ. ಕೊನೆಗೆ ಡಾಕ್ಟರೇ, ಕಾರಿಲ್ಲದ ದಾರಿ, ನಿಧಾನ, ಜೊತೆಗೊಬ್ಬರು, ಹಾಗಾದರೆ ಹೋಗಿ ಬನ್ನಿ ಎಂದರು. ಎರಡು ತಿಂಗಳು ಈ ತೊರೆಯ ಪಕ್ಕದಲ್ಲೇ ಅಭ್ಯಾಸ ಮಾಡಿದೆವು. ನಾನು ಕಿತ್ತಳೆ ಬಣ್ಣದ ಜಾಕೆಟ್ಟು ಹಾಕಿಕೊಂಡು ಮುಂದೆ, ಅವರು ಹಿಂದೆ. ತಿರುವು, ಗುಂಡಿ, ನಾಯಿ, ಎಲ್ಲವನ್ನೂ ನಾನು ಕೂಗಿ ಹೇಳುತ್ತಿದ್ದೆ. ಸೇತುವೆಯೊಂದನ್ನು ಮಾತ್ರ ಸೋಂಪಿನ ವಾಸನೆಯಿಂದ ಅವರೇ ಮೊದಲು ಹೇಳುತ್ತಿದ್ದರು.

ಸೆಪ್ಟೆಂಬರಿನ ಕೊನೆಯಲ್ಲಿ, ನನ್ನ ಗಂಡ ಮಗಳನ್ನು ನೋಡಿಕೊಳ್ಳುತ್ತೇನೆಂದ ಮೇಲೆ, ಹೊರಟೆವು.

ಆ ನಾಲೆಯನ್ನು ಹೇಗೆ ಹೇಳಲಿ… ಎರಡೂ ದಡಗಳಲ್ಲಿ ಭಾರಿ ಮರಗಳ ಸಾಲು, ಮೇಲೆ ಕೊಂಬೆಗೆ ಕೊಂಬೆ ಕೂಡಿಕೊಂಡಿತ್ತು. ಹಸಿರು ನೀರಿನಲ್ಲಿ ಬಾತುಕೋಳಿಗಿಂತ ಸ್ವಲ್ಪ ಜೋರಾಗಿ ಸಾಗುವ ದೋಣಿಗಳು. ನೀರಿನ ಪಕ್ಕದಲ್ಲೇ ಮರಗಳ ನೆರಳಿನಲ್ಲಿ ನಮ್ಮ ದಾರಿ. ಆಚೆ ದ್ರಾಕ್ಷಿ ತೋಟಗಳು, ಎಲ್ಲೋ ಒಂದು ಊರಿನ ಗಂಟೆ. ಮೊದಲ ಒಂದು ಗಂಟೆ ಮಿಸ್ ತುಟಿ ಬಿಚ್ಚಲಿಲ್ಲ. ಏನಾಯಿತು ಎಂದು ನಿಲ್ಲಿಸಿ ಕೇಳಿದೆ. ಇಂಜಿನ್ ಸದ್ದು ಕೇಳುತ್ತದೇನೋ ಎಂದು ಕಿವಿಗೊಟ್ಟಿದ್ದರಂತೆ. ಒಂದೂ ಕೇಳಲಿಲ್ಲ ಎನ್ನುವಾಗ ಅವರ ಮುಖ ಬಹುಮಾನ ಸಿಕ್ಕವರ ಹಾಗಿತ್ತು.

ಆಮೇಲೆ ಅವರನ್ನು ಹಿಡಿಯುವವರಿಲ್ಲ. ಎದುರಿಗೆ ಬಂದವರ ಮುಖ ಕಾಣದಿದ್ದರೂ ಎಲ್ಲರಿಗೂ ಕೈ ಬೀಸುತ್ತಿದ್ದರು. ನಮಸ್ಕಾರ ಹೇಳಲೆಂದು ನಾನು ಕಲಿಸಿದ ಒಂದೇ ಒಂದು ಫ್ರೆಂಚ್ ಮಾತನ್ನು ಗಂಡಸರ ದನಿ ಕೇಳಿದರೆ ‘ಬೋಂಜೂರಪ್ಪ’ ಎಂದೂ ಹೆಂಗಸರ ದನಿ ಕೇಳಿದರೆ ‘ಬೋಂಜೂರವ್ವ’ ಎಂದೂ ಮಾಡಿಕೊಂಡಿದ್ದರು. ಗಾಳ ಹಾಕಿ ಕೂತಿದ್ದ ಮುದುಕನೊಬ್ಬ ಟೋಪಿ ತೆಗೆದು ಅದನ್ನೇ ಅವರಿಗೆ ತಿರುಗಿ ಹೇಳಿದ. ಮಧ್ಯಾಹ್ನ ಹುಲ್ಲಿನ ಮೇಲೆ ಕೂತು, ಉದ್ದನೆಯ ಬ್ರೆಡ್ಡನ್ನು ಮುರಿದು, ಬೆಣ್ಣೆ ಸವರಿ, ಮನೆಯಿಂದ ತಂದ ಹುಚ್ಚೆಳ್ಳು ಪುಡಿ ಉದುರಿಸಿಕೊಂಡು ತಿಂದೆವು.

ಮೂರನೇ ದಿನ ಜಗಳವಾಯಿತು. ದಾರಿಯಲ್ಲಿ ಮರದ ಬೇರುಗಳು ಹೆಚ್ಚಾಗಿದ್ದವು. ನಾನು ಬೆಳಗಿನಿಂದ ಕೂಗುತ್ತಲೇ ಇದ್ದೆ. ಬೇರು, ನಿಧಾನ, ಎಡಕ್ಕೆ ಬನ್ನಿ, ನೀರಿದೆ, ನಿಧಾನ… ಹಿಂದೆ ಅವರ ಸೈಕಲ್ಲು ನಿಂತಿತು.

“ಮೂರ್ ದಿನದಿಂದ ಬ್ರೇಕ್ ಮೇಲೇ ಕಾಲಿಟ್ಕಂಡಿದ್ದೀಯ ಕಣವ್ವ. ತೆಗಿ.”

“ಮಿಸ್, ನೀವು ಬಿದ್ರೆ ನಿಮ್ಮ ಮಗಳಿಗೆ ನಾನು ಏನು ಆನ್ಸರ್ ಮಾಡ್ಲಿ?”

“ಬಿದ್ದೆ ಅಂತ ಏಳು. ಈ ಕಡೆ ಮರ ಕಾಣ್ತದೆ, ಆ ಕಡೆ ಮರ ಕಾಣ್ತದೆ. ನಡುವೆ ಓಗೋದು ನಂಗೆ ಗೊತ್ತು. ನಾನ್ ಕಣ್ಮರೆ ಆಗೋಗಂಟ ನೀನ್ ಇಲ್ಲೇ ನಿಂತಿರು.”

ನನ್ನನ್ನು ದಾಟಿ ಹೋದರು. ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಅಂಚಿನ ನೋಟ ಚೆನ್ನಾಗಿತ್ತು, ಅಂಚುಗಳಲ್ಲಿ ಮರಗಳೂ ಇದ್ದವು. ಆದರೂ ಅಲ್ಲಿ ನಿಂತಿದ್ದಷ್ಟು ಹೊತ್ತು ನನಗೆ ಹೆದರಿಕೆಯಾಗುತ್ತಿತ್ತು. ಬಿಸಿಲು ನೆರಳಿನಲ್ಲಿ ಅವರ ಬೆನ್ನು ಚಿಕ್ಕದಾಗುತ್ತ ತಿರುವಿನಲ್ಲಿ ಮರೆಯಾಯಿತು. ನಾನು ಸೈಕಲ್ ಹತ್ತಿ ಜೋರಾಗಿ ತುಳಿದೆ.

ತಿರುವಿನ ಆಚೆ, ದೋಣಿಗಳನ್ನು ಮೇಲಿನ ನೀರಿನಿಂದ ಕೆಳಗಿನ ನೀರಿಗೆ ಇಳಿಸುವ ದೊಡ್ಡ ಬಾಗಿಲುಗಳಿದ್ದವು, ಪಕ್ಕದಲ್ಲಿ ಒಂದು ಪುಟ್ಟ ಮನೆ. ಮನೆಯ ಮುಂದೆ ಹುಲ್ಲಿನ ಮೇಲೆ ಅವರ ಸೈಕಲ್ಲು ಬಿದ್ದಿತ್ತು. ಹೆಲ್ಮೆಟ್ಟು ನೀರಿನ ಅಂಚಿನಲ್ಲಿ. ಅವರಿಲ್ಲ. ಮಿಸ್ ಎಂದು ಕೂಗಿದೆ. ನೀರಿನಲ್ಲಿ ನನ್ನ ನೆರಳು ಬಿಟ್ಟರೆ ಏನೂ ಕಾಣಲಿಲ್ಲ. ಇನ್ನೊಮ್ಮೆ ಕೂಗುವಷ್ಟರಲ್ಲಿ ಮನೆಯ ಹಿಂದಿನಿಂದ ನಗು ಕೇಳಿಸಿತು.

ಹಿತ್ತಲಿನಲ್ಲಿ ಅಂಜೂರದ ಮರದ ಕೆಳಗೆ ಮಿಸ್ ಪ್ಯಾಂಟನ್ನು ಮಂಡಿಯವರೆಗೆ ಮಡಚಿಕೊಂಡು ಕೂತಿದ್ದರು. ಅವರಷ್ಟೇ ವಯಸ್ಸಿನ ಒಬ್ಬ ಹೆಂಗಸು ನೆಲದಲ್ಲಿ ಕೂತು ಅವರ ಮಂಡಿಗೆ ಬಟ್ಟೆ ಸುತ್ತುತ್ತಿದ್ದಳು. ಆಕೆ ಫ್ರೆಂಚಿನಲ್ಲಿ ಏನೋ ಹೇಳುತ್ತಿದ್ದಳು, ಮಿಸ್ ಮಂಡ್ಯದ ಕನ್ನಡದಲ್ಲಿ ತಮ್ಮೂರಿನ ನಾಲೆಯ ತೂಬಿನ ಕಥೆ ಹೇಳುತ್ತಿದ್ದರು. ಇಬ್ಬರಿಗೂ ಯಾವ ತೊಂದರೆಯೂ ಇದ್ದಂತೆ ಕಾಣಲಿಲ್ಲ. ಬಾಯಾರಿಕೆಯಾಗಿ ಹೆಲ್ಮೆಟ್ಟು ತೆಗೆದಿಟ್ಟು ನೀರು ಕುಡಿದು, ಮತ್ತೆ ಸೈಕಲ್ ಹತ್ತುವಾಗ ಬೇರು ತಗುಲಿತಂತೆ.

“ಬಿದ್ದೆ ಕಣವ್ವ,” ಎಂದರು ನನ್ನ ಹೆಜ್ಜೆ ಸದ್ದು ಕೇಳಿ. “ಆದ್ರೆ ಬೀಳೋಗಂಟ ಎಂಗಿತ್ತು ಗೊತ್ತಾ.”

ನನಗೆ ಅಳು ಬಂತು. ಅವರು ಸೀಳಿದ ಅಂಜೂರವೊಂದನ್ನು ನಾನಿದ್ದ ದಿಕ್ಕಿಗೆ ಹಿಡಿದರು. ಅದರ ಸಿಹಿ, ನನ್ನ ಕಣ್ಣೀರು, ಆ ಹೆಂಗಸು ನನ್ನ ಬೆನ್ನು ಸವರಿದ್ದು, ಎಲ್ಲ ಒಟ್ಟಿಗೇ ನೆನಪಿದೆ.

ಉಳಿದ ಮೂರು ದಿನ ಹೆಲ್ಮೆಟ್ಟು ಹಾಕಿಕೊಂಡು ಅವರು ಮುಂದೆ, ನಾನು ಹಿಂದೆ. ದಾರಿ ಕೆಟ್ಟಲ್ಲಿ ಇಳಿದು ನಡೆದೆವು. ಕೂಗುವುದು ನಿಲ್ಲಿಸಿದ ಮೇಲೆ ನನಗೂ ಆ ಊರಿನ ಹಕ್ಕಿಗಳು ಕೇಳಿಸಿದವು. ಒಂದು ಇಳಿಜಾರಿನಲ್ಲಿ ಅವರು ಎರಡೂ ಕಾಲುಗಳನ್ನು ಪೆಡಲಿನಿಂದ ಎತ್ತಿ ಅಗಲಕ್ಕೆ ಚಾಚಿದರು. ಅರವತ್ತೇಳು ವರ್ಷದವರು! ನಾನೂ ಕಾಲೆತ್ತಿದೆ.

ಆಮೇಲಿನ ವರ್ಷಗಳಲ್ಲಿ ಅವರ ಕಣ್ಣು ಇನ್ನಷ್ಟು ಮಂಜಾಯಿತು. ಪ್ಲೆಸೆಂಟನ್‌ಗೆ ಮಗಳ ಮನೆಗೆ ಹೋದರು. ನಾನು ತಿಂಗಳಿಗೊಮ್ಮೆ ಹೋದಾಗೆಲ್ಲ ನಾಲೆಯ ಕಥೆಯನ್ನು ಮೊದಲಿನಿಂದ ಹೇಳಿಸುತ್ತಿದ್ದರು. ನಾನು ಏನಾದರೂ ಬಿಟ್ಟರೆ ತಾವೇ ಸೇರಿಸುತ್ತಿದ್ದರು.

ಕಳೆದ ಮಾರ್ಚಿನಲ್ಲಿ ಹೋಗಿಬಿಟ್ಟರು. ಅವರ ತಿಥಿಯ ದಿನ ಮಗಳ ಮನೆಯ ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗವೇ ಇರಲಿಲ್ಲ. ಎಲ್ಲ ಊರುಗಳಿಂದಲೂ ಹೆಂಗಸರು ಬಂದಿದ್ದರು, ಹೆಚ್ಚಿನವರು ಒಬ್ಬೊಬ್ಬರೇ, ತಾವೇ ಓಡಿಸಿಕೊಂಡು. ಕಿಟಕಿಯ ಬಳಿ ನಿಂತಿದ್ದ ಅವರ ಮಗಳು “ಇವರೆಲ್ಲ ಅಮ್ಮನ ಸ್ಟೂಡೆಂಟ್ಸಾ?” ಎಂದು ಕೇಳಿದಳು. ಹೌದು ಎಂದೆ. ಅವಳು ಬೀದಿಯ ಕಾರುಗಳನ್ನು ಒಂದೊಂದಾಗಿ ಎಣಿಸತೊಡಗಿದಳು.

ಮೊನ್ನೆ ನನ್ನ ಮಗಳಿಗೆ ಲರ್ನರ್ ಪರ್ಮಿಟ್ಟು ಬಂತು. ಕಾಗದ ಹಿಡಿದು ಕುಣಿಯುತ್ತ, “ಅಮ್ಮಾ, ಹೂ ವಿಲ್ ಟೀಚ್ ಮಿ?” ಎಂದಳು. ಅಪ್ಪನೋ ನಾನೋ ಕಲಿಸುತ್ತೇವೆ ಎಂದು ಹೇಳಬಹುದಿತ್ತು. ಅದರ ಬದಲು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇನ್ನು ಸಿಗದ ನಮ್ಮ ಡ್ರೈವಿಂಗ್ ಮಿಸ್ ವಿಷಯ ಹೇಳತೊಡಗಿದೆ…