ದೋಣಿಯಿಂದ ಕೊನೆಗೆ ಇಳಿದವರು

ಸಮುದ್ರ ಬಲೆಯಕ್ಕನ ಹಿತ್ತಿಲನ್ನು ನುಂಗಿ, ಬಚ್ಚಲನ್ನು ನುಂಗಿ, ಈಗ ಅಡುಗೆಮನೆಯ ಗೋಡೆಗೆ ಕೈ ಹಾಕಿತ್ತು. ಒಲೆ ನಡುಮನೆಗೆ ಬಂತು, ನಡುಮನೆಯಲ್ಲಿದ್ದ ಅತ್ತೆಯ ಮಂಚ ಜಗಲಿಗೆ ಬಂತು. ಜಗಲಿಯಾಚೆ ಬೀದಿ. ಅತ್ತೆ ಹಾಸಿಗೆ ಹಿಡಿದು ವರ್ಷಗಳಾಗಿದ್ದರೂ ಬಾಯಿ ಗಟ್ಟಿಮುಟ್ಟಾಗಿತ್ತು. “ಇನ್ನೊಂದು ಸಲ ಮಂಚ ಎತ್ತೋದಾದ್ರೆ ನೇರ ಸ್ಮಶಾನದಲ್ಲೇ ಇಳಿಸ್ಬಿಡು ತಾಯಿ, ಎರಡೆರಡು ಸಲ ಹೊರೋದು ತಪ್ಪುತ್ತೆ” ಎನ್ನುತ್ತಿದ್ದಳು. ಬಲೆಯಕ್ಕ ಕಾಲ ಹೆಬ್ಬೆರಳಿಗೆ ಹರಿದ ಬಲೆ ಸಿಕ್ಕಿಸಿಕೊಂಡು, ತಲೆಯೆತ್ತದೆ ಅದರ ಒಂದೊಂದೇ ಕಣ್ಣು ಹೆಣೆಯುತ್ತಿದ್ದಳು.

ಊರೆಂದರೆ ಒಂದು ದಿಬ್ಬ, ಅದರಿಂದ ನೀರಿನವರೆಗೆ ಇಳಿಯುವ ಒಂದು ಬೀದಿ, ಬೆರಳೆಣಿಕೆಯ ಮನೆಗಳು. ಇಷ್ಟು ಚಂದಕ್ಕೆ ಇತಿಹಾಸ ಬೇರೆ! ಯಾವುದೋ ಕಾಲದಲ್ಲಿ ಒಂದೇ ದೋಣಿಯಲ್ಲಿ ಬಂದ ಪೂರ್ವಜರು ದಡಕ್ಕೆ ಇಳಿದ ಕ್ರಮದಲ್ಲೇ ಮನೆ ಕಟ್ಟಿಕೊಂಡರಂತೆ. ಮೊದಲು ಇಳಿದವನ ಸಂತಾನಕ್ಕೆ ದಿಬ್ಬದ ನೆತ್ತಿ, ಕೊನೆಗೆ ಇಳಿದವನ ಸಂತಾನಕ್ಕೆ ನೀರಿನಂಚು. ಬಾವಿಯ ಸರದಿಗೂ ಸಭೆಯ ಬೆಂಚಿಗೂ ಅದೇ ಲೆಕ್ಕ. ಬಲೆಯಕ್ಕನ ಗಂಡ ಸಾಯುವವರೆಗೂ ಸಭೆಯಲ್ಲಿ ನಿಂತೇ ಇದ್ದ. ಅವನ ಸರದಿ ಬರುವ ಮೊದಲೇ ಬೆಂಚು ಮುಗಿದುಹೋಗುತ್ತಿತ್ತು. ಅದನ್ನು ನೆನೆದಾಗಲೆಲ್ಲ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಸಭಾಮನೆಯ ಗೋಡೆಯ ಮೇಲೆ ಈ ಮಹಾಘಟನೆಯ ಚಿತ್ರವಿತ್ತು. ಮೊದಲನೆಯವನು ಎದೆಯುಬ್ಬಿಸಿ ಮರಳ ಮೇಲೆ ನಿಂತಿದ್ದ. ಕೊನೆಯವನು ದೋಣಿಯ ಹಿಂದೆ ಬರೀ ಅರ್ಧ ತಲೆ. ಉಳಿದರ್ಧಕ್ಕೆ ಬಣ್ಣ ಸಾಲಲಿಲ್ಲವೋ ಮನಸ್ಸು ಸಾಲಲಿಲ್ಲವೋ ಯಾರಿಗೆ ಗೊತ್ತು.

ಮೊದಲ ಮನೆಯ ಯಜಮಾನರು ದಿಬ್ಬದ ಮೇಲೆ ಲಾಡ್ಜ್ ನಡೆಸುತ್ತಿದ್ದರು. ದೋಣಿ ಹತ್ತಿದರೆ ಅವರಿಗೆ ಹೊಟ್ಟೆ ತೊಳಸುತ್ತಿತ್ತು. ಅತಿಥಿಗಳ ಮುಂದೆ ಮಾತ್ರ ಮುತ್ತಾತನ ಸಾಹಸ ಹೇಳುತ್ತ, ಬಿರುಗಾಳಿಯನ್ನೇ ಬಗಲಲ್ಲಿಟ್ಟುಕೊಂಡವರಂತೆ ಓಡಾಡುತ್ತಿದ್ದರು. ಅವರ ಮನೆಯ ಪಕ್ಕದಲ್ಲಿ ಊರಿಗೆ ಸೇರಿದ ಖಾಲಿ ಜಾಗವೊಂದಿತ್ತು. ಬಲೆಯಕ್ಕ ಸಭೆಗೆ ಹೋಗಿ ಅದನ್ನು ಕೇಳಿದಳು.

“ನೋಡಕ್ಕಾ, ನಮಗೇನು ಹೊಟ್ಟೆಕಿಚ್ಚಾ?” ಎಂದರು ಯಜಮಾನರು. “ಆದ್ರೆ ದಿಬ್ಬ ಮೊದಲು ಇಳಿದೋರದ್ದು. ನಿಮ್ಮೋನು ಕೊನೆಗೆ ಇಳಿದ. ಇತಿಹಾಸನ ತಿದ್ದೋಕಾಗುತ್ತಾ?”

“ದೋಣಿ ದಡ ಮುಟ್ಟಿದ ಕೂಡ್ಲೇ ಹಾರೋನು ಯಾರು ಯಜಮಾನ್ರೇ? ದಾರಿಯುದ್ದಕ್ಕೂ ವಾಂತಿ ಮಾಡ್ಕೊಂಡು ಬಂದೋನು. ಚುಕ್ಕಾಣಿ ಹಿಡಿದೋನು ಎಲ್ಲರನ್ನೂ ಇಳಿಸಿ ಆಮೇಲೆ ಇಳೀತಾನೆ. ದೋಣಿ ಏರಿದ್ರೆ ತಾನೇ ನಿಮಗೆ ಗೊತ್ತಾಗೋದು!”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಯಜಮಾನರ ಮುಖ ಹುಳ್ಳಗಾಯಿತು. ಮುಂದಿನ ಸಭೆಯಲ್ಲಿ ನೋಡೋಣ ಎಂದು ಎದ್ದುಬಿಟ್ಟರು.

ಮುಂದಿನ ಸಭೆಯ ಹೊತ್ತಿಗೆ ಊರಿಗೆ ಊರೇ ಮಾತು ತಿರುಗಿಸಿತ್ತು. ಲಾಡ್ಜಿನ ಬೋರ್ಡಿನ ಮೇಲೆ ‘ಚುಕ್ಕಾಣಿಯವರ ಮನೆ’ ಎಂದು ಹೊಸ ಅಕ್ಷರಗಳು ಮಿಂಚುತ್ತಿದ್ದವು. ನಿಜಕ್ಕೂ ಕೊನೆಗೆ ಇಳಿದವನು ನಮ್ಮ ಮುತ್ತಾತನೇ, ಅಜ್ಜಿ ಸಾಯುವಾಗ ಹೇಳಿದ್ದಳು ಎಂದರು ಯಜಮಾನರು. ನಮ್ಮಜ್ಜಿಯೂ ಹೇಳಿದ್ದಳು ಎಂದಿತು ಎರಡನೇ ಮನೆ. ಮೂರನೇ ಮನೆ ಬಿಡುತ್ತದೆಯೇ? ಆ ಊರಿನ ಅಜ್ಜಿಯರು ಸಾಯುವಾಗ ಇಷ್ಟೊಂದು ಮಾತಾಡಿದ್ದರೆಂದು ಅಲ್ಲಿಯವರೆಗೆ ಯಾರಿಗೂ ತಿಳಿದಿರಲಿಲ್ಲ. ಗೋಡೆಯ ಚಿತ್ರವನ್ನೂ ತಿದ್ದಿಸಿದ್ದರು. ಮರಳ ಮೇಲೆ ಒಂದು ನರಪಿಳ್ಳೆಯೂ ಇಲ್ಲ. ದೋಣಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಎಲ್ಲರೂ ಚುಕ್ಕಾಣಿ ಹಿಡಿದಿದ್ದರು. ಅಂಥ ದೋಣಿ ಮುಳುಗದೆ ದಡಕ್ಕೆ ಬಂದದ್ದೇ ಪುಣ್ಯ.

ಬಲೆಯಕ್ಕ ಚಿತ್ರವನ್ನು ಸಾವಕಾಶವಾಗಿ ನೋಡಿದಳು. ಅವಳಿಗೆ ನಗು ತಡೆಯುವುದೇ ಕಷ್ಟವಾಯಿತು.

“ಹಾಗಾದ್ರೆ ಮೊದಲು ಇಳಿದೋನು ಯಾರು?”

ಯಜಮಾನರು ಸೂರು ನೋಡಿದರು.

“ನಿಮ್ಮೋನಾ ಯಜಮಾನ್ರೇ?”

“ಛೇ ಛೇ!”

“ಯಾರಿಗೂ ಬೇಡ್ವಾ? ಪಾಪ, ಆ ಹೆದರುಪುಕ್ಕಲ ನಮ್ಮೋನೇ ಅಂತಿಟ್ಕೊಳ್ಳಿ. ದಿಬ್ಬ ಮೊದಲು ಇಳಿದೋರದ್ದು ಅಂತ ನೀವೇ ಅಂದ್ರಿ. ಜಾಗ ಅಳೆದು ಕೊಡಿ. ನೀರಿನಂಚಿನ ನಮ್ಮ ಜಾಗ ಕೊನೆಗೆ ಇಳಿದೋರದ್ದಾಯ್ತು. ನೀವೆಲ್ಲ ಸೇರಿ ಹಂಚ್ಕೊಳ್ಳಿ.”

ಬೋರ್ಡನ್ನು ಬರೆಸಿ ತೂಗುಹಾಕಿಯಾಗಿತ್ತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಜಾಗ ಕೊಟ್ಟರು.

ಗುಡಿಸಲು ಎದ್ದ ದಿನ ಅತ್ತೆಯ ಮಂಚ ಹೊರುವುದಕ್ಕೆ ಆಳು ಸಾಲದೆ ಯಜಮಾನರೇ ಒಂದು ಕಾಲಿಗೆ ಹೆಗಲು ಕೊಡಬೇಕಾಯಿತು. ದಿಬ್ಬದ ಏರಿನಲ್ಲಿ ಅವರು ಏದುಸಿರು ಬಿಡುತ್ತ ಒಮ್ಮೆ ಮುಗ್ಗರಿಸಿದರು. ಮಂಚದ ಮೇಲಿಂದ ಮುದುಕಿ ಕೂಗಿದಳು:

“ಮೆಲ್ಲಗೆ ಕಣಪ್ಪಾ, ಅಲುಗಾಡಿಸ್ಬೇಡ. ನಮ್ದು ವಾಂತಿ ಮಾಡ್ಕೊಂಡು ಬಂದ ವಂಶ!”