ಕೆಂಪು ಪೆನ್ಸಿಲ್ಲಿನ ಗೆರೆ

ಎಪ್ಪತ್ತರ ದಶಕದಲ್ಲಿ ನಾನು ಚಿತ್ರದುರ್ಗದಲ್ಲಿ ಕಣ್ಣಿನ ವಾರ್ಡಿನ ನರ್ಸ್ ಆಗಿದ್ದೆ. ಗಂಟೆಗೆ ಸರಿಯಾಗಿ ಹನಿ ಹಾಕುವುದು, ಹಾಕಿದ್ದನ್ನು ಬರೆದಿಡುವುದು ನನ್ನ ಕೆಲಸ. ಅದರಲ್ಲಿ ಒಂದು ದಿನವೂ ತಪ್ಪಿದವಳಲ್ಲ.

ತಾಳ್ಯದ ಕಡೆಯ ಕುರಿಗಾಹಿಯೊಬ್ಬ ಬಂದು ಸೇರಿದ್ದ. ಎಡಗಣ್ಣು ಚಿಕ್ಕಂದಿನಲ್ಲೇ ಸಿಡುಬಿಗೆ ಹೋಗಿತ್ತು. ಉಳಿದ ಬಲಗಣ್ಣಿಗೆ ಜಾಲಿಮುಳ್ಳು ತಾಗಿತ್ತು. ಕುರಿಯ ಕಣ್ಣಿಗೆ ಮಾಡುವಂತೆ ಅವನ ಹೆಂಡತಿ ಹೊಗೆಸೊಪ್ಪು ಅಗಿದು ಅವನ ಆ ಕಣ್ಣಿಗೆ ಉಗಿದಿದ್ದಳು. ಗಾಯ ಕೀವಾಗಿ ಹುಣ್ಣಾಗಿತ್ತು; ಅದು ಮಾಯಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಕಪ್ಪುಗುಡ್ಡೆಯ ಮೇಲಿನ ತಿಳಿಪೊರೆಯೊಳಕ್ಕೆ ಅಂಚಿನಿಂದ ರಕ್ತನಾಳಗಳು ಹೊರಟಿದ್ದವು.

ಡಾಕ್ಟರು ಕೇಸ್ ಶೀಟಿನಲ್ಲಿ ದಿನವೂ ಒಂದು ವೃತ್ತ ಬರೆದು, ನಾಳ ಎಲ್ಲಿಯವರೆಗೆ ಬಂದಿದೆಯೆಂದು ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತಿದ್ದರು. ಆ ಪೊರೆಯಲ್ಲಿ ನಾಳಗಳಿಲ್ಲದ್ದರಿಂದಲೇ ಅದು ಗಾಜಿನಂತಿರುತ್ತದೆ. ಗಾಯವಾದಾಗ ಬಿಳಿ ರಕ್ತಕಣಗಳು ಕಾವಲಿಗೆಂದು ಅಲ್ಲಿಗೆ ನುಗ್ಗುತ್ತವೆ. ಅವು ಗುಂಪುಗೂಡಿದ ಕಡೆಗೆ ನಾಳಗಳೂ ಬೆಳೆಯುತ್ತವೆ ಎಂದು ನನಗೆ ವಿವರಿಸಿದ್ದರು. ಹುಣ್ಣು ಮಾಯ್ದ ಮೇಲೂ ಆ ಕಣಗಳು ಜಾಗ ಬಿಡದಿದ್ದರೆ ನಾಳ ಪಾಪೆಯ ಮುಂದೆಯೇ ಬಂದು ನೋಟ ಮುಚ್ಚುತ್ತದೆ. ಅವನ್ನು ತಣ್ಣಗಾಗಿಸಲು ಹೊಸ ಹನಿ ಶುರುವಾಯಿತು.

ನಾಲ್ಕು ದಿನ ಹಾಕಿದರೂ ಕೆಂಪು ಗೆರೆ ಉದ್ದವಾಗುತ್ತಲೇ ಹೋಯಿತು. ನನ್ನ ಕೈಯಲ್ಲಿ ಹನಿ ತಪ್ಪಿಲ್ಲ ಎಂಬುದು ನನಗೆ ಖಚಿತವಿತ್ತು. ಐದನೆಯ ದಿನ ಹನಿ ಹಾಕಿ ಪಕ್ಕದ ಮಂಚಕ್ಕೆ ಹೋದವಳು ತಟ್ಟನೆ ತಿರುಗಿ ನೋಡಿದೆ. ಅವನು ಕಂಬಳಿಯ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

ಯಾಕೆಂದು ಕೇಳಿದರೆ ನನಗೇ ಪಾಠ ಹೇಳಿದ.

"ಕುರಿ ಕಣ್ಣಿಗೆ ಬಿಳಿ ಹೂ ಬಿದ್ರೆ ಕೆಂಪು ನರ ಬತ್ತಾವ್ರಿ ಅಕ್ಕಾರೆ. ಬಂದ್ವು ಅಂದ್ರೆ ವಾಸಿ ಆತು ಅಂತ. ನೀವು ಅವನ್ನೇ ಓಡ್ಸಾಕೆ ಹೊಂಟೀರಲ್ಲ."

ಪೂರ್ತಿ ಸುಳ್ಳೇನಲ್ಲ. ನಾಳಗಳು ಗಾಯ ಮಾಯಿಸುತ್ತವೆ. ಆಮೇಲೂ ನಿಲ್ಲದೆ ಮುಂದುವರಿಯುವುದೇ ತೊಂದರೆ.

"ಕುರಿಗೆ ಹುಲ್ಲು ಕಂಡ್ರೆ ಸಾಕಪ್ಪ," ಎಂದೆ. "ನಿನಗೆ ಒಂದೊಂದು ಕುರಿ ಮುಖಾನೂ ಗುರುತು ಸಿಗಬೇಕಲ್ಲ?"

ಅವನು ಕಂಬಳಿ ಮಡಿಸಿ ಕಾಲದೆಸೆಗೆ ಇಟ್ಟ. ಅಂದಿನಿಂದ ಪ್ರತಿ ಸಲ ಹನಿ ಹಾಕಿ ಐದು ನಿಮಿಷ ಅವನ ಪಕ್ಕದಲ್ಲೇ ನಿಂತೆ. ಗೆರೆ ಪಾಪೆಯ ಅಂಚಿಗೆ ಬಂದು ನಿಂತಿತು.

ಎರಡು ತಿಂಗಳ ಮೇಲೆ ಕಣ್ಣು ತೋರಿಸಲು ಬಂದ. ನಾವು ನಾಲ್ವರು ನರ್ಸುಗಳು ವಾರ್ಡಿನ ಬಾಗಿಲಲ್ಲಿದ್ದೆವು. ಯಾರೊಬ್ಬರೂ ಬಾಯಿ ಬಿಡುವ ಮೊದಲೇ ನೇರವಾಗಿ ನನ್ನ ಮುಂದೆ ಬಂದು ನಿಂತ.

"ಎಲ್ಲಾರೂ ಬಿಳಿ ಸೀರೇನೆ," ಎಂದ. "ಆದ್ರೂ ಮಖ ಗುರ್ತು ಸಿಕ್ತು ಬಿಡ್ರಿ."