ಕಾರ್ತೇಜಿಗೆ ಉಪ್ಪಿಟ್ಟವರು

ನನ್ನ ಹೀರೇಕಾಯಿ ಚಪ್ಪರ ಕಿತ್ತುಹೋದ ವರ್ಷವೇ ಮಗಳ ಶಾಲೆಯಲ್ಲಿ ರೋಮ್ ಮತ್ತು ಕಾರ್ತೇಜ್ ಯುದ್ಧಗಳ ಪ್ರಾಜೆಕ್ಟ್ ಕೊಟ್ಟರು. ಇವೆರಡೂ ಬೇರೆಬೇರೆ ವರ್ಷ ಆಗಿದ್ದರೆ ನಾನು ಇಷ್ಟು ಕೆಡುತ್ತಿರಲಿಲ್ಲ ಎಂದು ಈಗಲೂ ವಾದಿಸುತ್ತೇನೆ.

ನ್ಯೂಜೆರ್ಸಿಯ ಹಿಲ್ಸ್‌ಬರೋದ ನಮ್ಮ ಮನೆಗೂ ಪಕ್ಕದ ಧಾರವಾಡದವರ ಮನೆಗೂ ನಡುವೆ, ಎರಡು ಡ್ರೈವ್‌ವೇಗಳ ಮಧ್ಯೆ, ಮಂಚದಗಲದ ಮಣ್ಣಿನ ಪಟ್ಟಿಯೊಂದಿದೆ. ಮೇಲಿನ ಅರ್ಧ ಅವರದು. ಬೇಸಿಗೆಯಲ್ಲಿ ಅಲ್ಲಿ ಪುಂಡಿ ಸೊಪ್ಪು ಬೆಳೆಯುತ್ತಾರೆ. ಇಳಿಜಾರಿನ ಕೆಳಗಿನ ಅರ್ಧ ನನ್ನದು. ಅಲ್ಲಿ ನನ್ನ ಚಪ್ಪರವಿತ್ತು. ಆಗಸ್ಟಿನಲ್ಲಿ, ಕಾಯಿಗಳು ಜೋತುಬಿದ್ದಿದ್ದ ಹೊತ್ತಿಗೆ, ಬಡಾವಣೆಯ ಮನೆಮಾಲೀಕರ ಅಸೋಸಿಯೇಷನ್‌ನಿಂದ ಪತ್ರ ಬಂತು: ಹತ್ತು ದಿನದೊಳಗೆ ತೆಗೆಯಿರಿ. ದೂರು ಕೊಟ್ಟವರನ್ನು ಪತ್ತೆ ಮಾಡುವ ಸುಖವೂ ನನಗೆ ಸಿಗಲಿಲ್ಲ.

“ನಾನ ಬರದೀನ್ರೀ ಸರ,” ಎಂದರು ಧಾರವಾಡದವರು, ಕಾರು ಒರೆಸುತ್ತಲೇ. “ರಿವರ್ಸ್ ತಗೊಳ್ಳುಮುಂದ ಏನೂ ಕಾಣಂಗಿಲ್ಲ. ಎರಡು ಸಲ ಹೇಳಿದ್ದೆ. ನೀವು ನಕ್ಕು ಒಳಗ ಹೋದ್ರಿ.”

ನಕ್ಕಿದ್ದು ನಿಜ. ಹೆದರಿದಾಗಲೂ ನಗುವುದು ನನ್ನ ರೋಗ. ಆಗಲೂ ನಕ್ಕೆ, ಒಳಗೆ ಹೋದೆ, ಚಪ್ಪರ ಬಿಚ್ಚಿದೆ. ಎಳೆ ಕಾಯಿಗಳನ್ನು ಕಸದ ಚೀಲಕ್ಕೆ ತುಂಬುವಾಗ ಒಂದು ಮಾತು ಕೊಟ್ಟುಕೊಂಡೆ: ಮುಂದಿನ ವರ್ಷ ಇವರ ಪುಂಡಿ ಹುಟ್ಟಬಾರದು.

ಮಗಳು ಅಡುಗೆಮನೆಯ ಟೇಬಲ್ಲಿನ ಮೇಲೆ ನಕಾಶೆ ಹರಡಿ ರೋಮಿನ ಕತೆ ಹೇಳಿದಾಗ ನಾನು ಯಾರ ಕಡೆ ಎಂದು ಕೇಳಬೇಕಿಲ್ಲ. ಈಚೆ ರೋಮ್, ಆಚೆ ಸಮುದ್ರ ದಾಟಿದರೆ ಕಾರ್ತೇಜ್, ನಡುವೆ ಸಿಸಿಲಿ. ನನಗೆ ಕಂಡದ್ದು ನಮ್ಮ ಮಣ್ಣಿನ ಪಟ್ಟಿ. ರೋಮಿನವರಿಗೆ ಹೇಳಿಕೊಳ್ಳುವಂಥ ನೌಕಾಪಡೆಯೂ ಇರಲಿಲ್ಲವಂತೆ. ವೈರಿಯದೊಂದು ಹಡಗು ದಡಕ್ಕೆ ಸಿಕ್ಕಿಬಿತ್ತು. ಅದನ್ನೇ ಹಲಗೆ ಹಲಗೆಯಾಗಿ ನೋಡಿ ನಕಲು ಮಾಡಿದರು. ಹಡಗು ತಯಾರಾಗುವವರೆಗೆ ನೆಲದ ಮೇಲೆ ಬೆಂಚು ಹಾಕಿ, ಕೂತಲ್ಲೇ ಹುಟ್ಟು ಹಾಕುವುದನ್ನು ಕಲಿತರು. ನೀರಿಲ್ಲದೆ ಹುಟ್ಟು ಹಾಕುವ ಜನ! ಅವರು ನನ್ನವರು ಅನ್ನಿಸಿತು. ಎರಡನೇ ಯುದ್ಧದಲ್ಲಿ ಆನೆಗಳೊಂದಿಗೆ ಹಿಮದ ಬೆಟ್ಟ ದಾಟಿ ಬಂದ ಕಾರ್ತೇಜಿನ ಸೇನಾಪತಿಯ ಕೈಯಲ್ಲಿ ಸೋತರು, ಮತ್ತೆ ಸೋತರು, ಸಂಧಿಗೆ ಮಾತ್ರ ಒಪ್ಪಲಿಲ್ಲ. ಹಗೆ ಒಂದೇ; ಅದರ ಬೆನ್ನು ಹತ್ತಿ ಹೋದವರಿಗೆ ಸಿಸಿಲಿ, ಸ್ಪೇನ್, ಕೊನೆಗೆ ಆಫ್ರಿಕಾದ ಕರಾವಳಿ ಎಲ್ಲ ಸಿಕ್ಕಿತು.

ರೋಮಿನ ಸಭೆಯಲ್ಲಿ ಒಬ್ಬ ಮುದುಕನಿದ್ದನಂತೆ. ಯಾವ ವಿಷಯದ ಮೇಲೆ ಮಾತಾಡಿದರೂ ಕಾರ್ತೇಜ್ ನಾಶವಾಗಬೇಕು ಎಂದೇ ಮುಗಿಸುತ್ತಿದ್ದ.

“ನಮ್ಮನೇಲೂ ಒಬ್ರಿದ್ದಾರೆ,” ಎಂದಳು ಹೆಂಡತಿ. “ರೀ, ಹಾಲು ಮುಗಿದಿದೆ ಅಂದ್ರೆ ಏನಂತೀರಿ?”

“ತರ್ತೀನಿ. ಆದ್ರೆ ಆ ಪುಂಡಿ ನಾಶ ಆಗ್ಬೇಕು.”

ಮೂರನೇ ಯುದ್ಧದ ಹೊತ್ತಿಗೆ ಕಾರ್ತೇಜ್ ಆಯುಧಗಳನ್ನೆಲ್ಲ ಒಪ್ಪಿಸಿ ಕೈಮುಗಿದು ನಿಂತಿತ್ತು. ಆದರೂ ಸುಟ್ಟರು. ಮಗಳು ಅಲ್ಲಿಗೆ ಮುಗಿಸಿದಳು. “ಉಪ್ಪು ಎಲ್ಲಿ?” ಎಂದೆ. “ಮತ್ತೇನೂ ಬೆಳೀಬಾರ್ದು ಅಂತ ನೆಲಕ್ಕೆ ಉಪ್ಪು ಹಾಕಿದ್ರು. ಅದನ್ನ ಸೇರಿಸು.”

“ಅಪ್ಪಾ, ದಟ್ಸ್ ನಾಟ್ ಈವನ್ ಟ್ರೂ. ಆಮೇಲೆ ಯಾರೋ ಮೇಡ್ ಅಪ್.” ಸ್ವಲ್ಪ ಯೋಚಿಸಿದಳು. “ಬಟ್ ವೇಟ್. ಅಂಕಲ್ ಒಂದು ಗಾದೆ ಹೇಳ್ಕೊಟ್ರು.”

ಅಂಕಲ್ ಎಂದರೆ ಪಕ್ಕದವರೇ. ಭಾನುವಾರ ತಮ್ಮ ಬೇಸ್‌ಮೆಂಟಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ವೈರಿಯ ಕೋಟೆಗೆ ಪ್ರತಿ ವಾರ ಮಗಳನ್ನು ನಾನೇ ನಡೆಸಿಕೊಂಡು ಹೋಗಿ ಬಿಡುತ್ತಿದ್ದೆ.

“ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ. ಫಸ್ಟು ನಾನು ಉಪ್ಪಿಟ್ಟು ಅಂದ್ಕೊಂಡೆ, ಲೈಕ್, ಬ್ರೇಕ್‌ಫಾಸ್ಟ್. ಆದ್ರೆ ಅದು ಸಾಲ್ಟ್. ಸೋ ನಿಮ್ಮ ಲ್ಯಾಂಡಿಗೆ ಉಪ್ಪು ಹಾಕಿದವರನ್ನ ಮುದುಕ ಆಗೋವರ್ಗೂ ಮರೀಬೇಡಿ ಅಂತ. ಇಟ್ಸ್ ಎ ರಿವೆಂಜ್ ಗಾದೆ, ರೈಟ್?”

ಅನ್ನವಿಕ್ಕಿದವರ ಋಣ ಮರೆಯಬೇಡ ಎಂದು ಅದರ ಅರ್ಥ ಕಣಮ್ಮಾ ಎಂದು ತಿದ್ದುವುದು ತಂದೆಯಾದವನ ಕರ್ತವ್ಯ. ನಾನು “ವೆರಿ ಗುಡ್” ಎಂದೆ.

ನ್ಯೂಜೆರ್ಸಿಯ ಚಳಿಗಾಲದಲ್ಲಿ ಉಪ್ಪು ಎರಚುವವನನ್ನು ಯಾರೂ ಅನುಮಾನಿಸುವುದಿಲ್ಲ. ಹಿಮ ಕರಗಲೆಂದು ಎಲ್ಲರೂ ಎರಚುತ್ತಾರೆ. ಆದರೂ ಜನವರಿಯ ಮೊದಲ ಹಿಮದವರೆಗೆ ನಾನು ಚಿಂತಿಸಿದೆ: ಅವರ ಡೋರ್‌ಬೆಲ್ ಕ್ಯಾಮೆರಾದ್ದು, ಎದುರು ಮನೆ ನಾಯಿಯ ಪಾದದ್ದು, ಪುಂಡಿ ತಿನ್ನುವವರ ಬಿ.ಪಿ.ಯದ್ದು. ಇಳಿಜಾರಿನ ಚಿಂತೆಯೊಂದು ಮಾತ್ರ ಹೊಳೆಯಲಿಲ್ಲ.

ಹಿಮ ಬಿದ್ದ ಆ ಶನಿವಾರ ಬೆಳಿಗ್ಗೆ ಉಪ್ಪಿನ ಬಕೆಟ್ ಹಿಡಿದು ಹೊರಬಂದರೆ ನನ್ನ ಡ್ರೈವ್‌ವೇ ಆಗಲೇ ಸ್ವಚ್ಛ. ಅದರ ಮೇಲೆ ಉಪ್ಪಿನ ಹರಳುಗಳು.

“ನಿಮ್ಮ ಕಡೇನೂ ಉಪ್ಪು ಹೊಡದೀನ್ರೀ ಸರ,” ಎಂದು ಧಾರವಾಡದವರು ತಮ್ಮ ಬಾಗಿಲಿಂದ ಕೂಗಿದರು. “ಹ್ವಾದ ವರ್ಷ ಜಾರಿ ಬಿದ್ದು ಸೊಂಟ ಹಿಡಕೊಂಡು ಕೂತಿದ್ರಿ. ನಿಮ್ಮ ಸಪ್ಪ ಮಾರಿ ನಮಗ ನೋಡೂದು ಆಗಂಗಿಲ್ಲ.”

ನಕ್ಕೆ. ಅವರು ಒಳಗೆ ಹೋದರು. ಇಲ್ಲಿಗೆ ನನ್ನ ಮನಸ್ಸು ಕರಗಿತು ಎಂದು ಬರೆಯಬಹುದಿತ್ತು. ಆದರೆ ನನ್ನ ಮುಖವನ್ನು ಸಪ್ಪ ಮಾರಿ ಅಂದಿದ್ದರಲ್ಲ! ಪುಂಡಿಯ ಪಾತಿಯ ಮೇಲಿನ ಹಿಮಕ್ಕೆ ಬಕೆಟ್ ಪೂರ್ತಿ ಸುರಿದೆ.

ಮಾರ್ಚಿನಲ್ಲಿ ಹಿಮ ಕರಗಿ, ನೀರು ಎಲ್ಲಿಗೆ ಹರಿಯಬೇಕೋ ಅಲ್ಲಿಗೆ ಹರಿಯಿತು, ಕೆಳಕ್ಕೆ. ಅವರು ಮೇ ತಿಂಗಳಲ್ಲಿ ಹೊಸ ಗೊಬ್ಬರ ಹಾಕಿ ಬೀಜ ಬಿತ್ತಿದರು. ಪುಂಡಿ ನನ್ನನ್ನು ಅಣಕಿಸುವಂತೆ ಎದ್ದಿತು. ನನ್ನ ಅರ್ಧದಲ್ಲಿ ಹುಲ್ಲೆಲ್ಲ ಕಂದಿ, ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿತ್ತು.

ಅವರು ಬಂದು ನೋಡಿದರು. ಬಹಳ ಹೊತ್ತು ನೋಡಿದರು.

“ತಪ್ಪಾತ್ರಿ ಸರ,” ಎಂದರು. “ಡ್ರೈವ್‌ವೇಕ್ಕ ನಾನ ಉಪ್ಪು ಜಾಸ್ತಿ ಹೊಡದೆ. ನಿಮ್ಮ ನೆಲಾ ಕೆಡಿಸಿದೆ ನೋಡ್ರಿ.”

ಚಪ್ಪರಕ್ಕೆ ಕೇಳದ ಕ್ಷಮೆಯನ್ನು ನನ್ನ ಪಾಪಕ್ಕೆ ಕೇಳುತ್ತಿದ್ದರು. ಬಾಯಿಬಿಡಲು ಒಂದು ಕ್ಷಣ ಸಿಕ್ಕಿತ್ತು. “ಇರ್ಲಿ ಬಿಡಿ ಸರ್,” ಎಂದೆ, ದೊಡ್ಡ ಮನಸ್ಸಿನವನಂತೆ.

“ಇರ್ಲಿ ಬಿಡಿ ಹೆಂಗಾಗ್ತದ? ಈ ವರ್ಷ ಚಪ್ಪರಾ ಹಾಕ್ರಿ. ಸ್ವಲ್ಪ ಗಿಡ್ಡ ಹಾಕ್ರಿ ಸಾಕು. ನಂದೇನೂ ತಕರಾರಿಲ್ಲಂತ ಅಸೋಸಿಯೇಷನ್‌ಗೆ ನಾನ ಬರಕೊಡ್ತೀನಿ.”

ಬರೆದೂ ಕೊಟ್ಟರು. ಗೆದ್ದೆ. ಕಂಬ ನೆಟ್ಟು ತಂತಿ ಕಟ್ಟಿದ್ದೇನೆ. ಹೀರೇಬೀಜ ಮೂರು ಸಲ ಹಾಕಿದೆ, ಒಂದೂ ಮೊಳೆತಿಲ್ಲ. ಆದರೂ ದಿನಾ ಬೆಳಿಗ್ಗೆ, ಅವರು ಕಾರು ತೆಗೆಯುವ ಹೊತ್ತು ನೋಡಿಕೊಂಡು, ಆ ಬರಿ ನೆಲಕ್ಕೆ ನೀರು ಹಾಕುತ್ತಾ ನಿಲ್ಲುತ್ತೇನೆ, ಸಪ್ಪ ಮಾರಿ ಹಾಕಿಕೊಂಡು.